ಸ್ಪರ್ಶಕೋನ

ಉದ್ಯಮಬಾಗದ ಮೂರನೇ ಗಲ್ಲಿ, ಫೌಂಡ್ರಿಯ ಹಿಂದೆ
ಎಸಿ ಕೂಡಿಸಿದ ಒಂದು ಖೋಲಿ. ಅಲ್ಲಿ ನನ್ನ ಕೆಲಸ
ಹನಿ ಬಿಡುವುದು.
ಐದು ಮೈಕ್ರೋಲೀಟರಿನ ಒಂದು ಹನಿ, ಸೂಜಿಯ ತುದಿಯಿಂದ
ಉಗುರಗಲದ ತಗಡಿನ ಮೇಲೆ.
ಕ್ಯಾಮೆರಾ ನೋಡುತ್ತದೆ. ಹನಿ ಹರಡಿದರೆ ತಗಡು ಫೇಲು.
ಗುಂಡಗೆ ನಿಂತು, ತುಸು ಓರೆ ಮಾಡಿದೊಡನೆ
ಪಾದರಸದ ಹಾಗೆ ಉರುಳಿ ಹೋದರೆ
ಕುಲಗೋಡ ಸರ್ ಚಹಾ ತರಿಸುತ್ತಾರೆ.

ಗೋಡೆಯ ಮೇಲೆ ಸಾವಿರ ಪಟ್ಟು ಹಿಗ್ಗಿದ ತಾವರೆ ಎಲೆ:
ಗುಡ್ಡ, ಗುಡ್ಡದ ಮೇಲೆ ಮೇಣದ ಮುಳ್ಳು.
ಹಲ್ಲಿಯ ಅಂಗಾಲು, ಕವಲೊಡೆದ ಕೂದಲ ಕಾಡು.
ಹಾವಿನ ಹೊಟ್ಟೆ, ಮುಂದಕ್ಕೆ ನುಣುಪು, ಹಿಂದಕ್ಕೆ ಹಲ್ಲು.
ಅದರ ಕೆಳಗೇ ಕೂತು ರೇಷ್ಮಾ ಮುಜಾವರ
ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿಯುತ್ತಾಳೆ.

ಚರ್ಮ ನನಗೆ ಹೊಸದಲ್ಲ.
ಅಥಣಿಯಲ್ಲಿ ನಮ್ಮ ಮನೆಯೆದುರು ಹದ ಮಾಡುವ ಹೊಂಡ,
ಜಾಲಿಯ ಚಕ್ಕೆ, ಅಳಲೆಕಾಯಿ, ಕಪ್ಪು ನೀರು.
ಅಪ್ಪ ತೊಗಲನ್ನು ಬಿಸಿಲಿಗೆ ಹಿಡಿದು ಓದುತ್ತಿದ್ದ:
ಇದು ಬೆನ್ನು, ಇದು ಪಕ್ಕೆ, ಇಲ್ಲಿ ನೊಗ ತಿಕ್ಕೇತಿ,
ಇಲ್ಲಿ ಉಣ್ಣಿ ಕಡದಿತ್ತು, ಇದನ್ನ ಹೆಬ್ಬೆರಳಿನ ಕೆಳಗ ಹಾಕಬ್ಯಾಡ.
ಸೂಕ್ಷ್ಮದರ್ಶಕ ಇರಲಿಲ್ಲ. ಉಗುರಿತ್ತು.

ಮೊದಲ ಸಲ ನೂರಾ ಐವತ್ತೆರಡು ಡಿಗ್ರಿ ಬಂದ ದಿನ
ಸರ್ ಅಂದರು, ನೋಡು, ಮುಟ್ಟಿಯೂ ಮುಟ್ಟಿಲ್ಲ.
ತೆರೆಯ ಮೇಲೆ, ಹನಿಯ ಬುಡದಲ್ಲಿ,
ಗಾಳಿಯ ತೆಳ್ಳನೆಯ ಒಂದು ಪದರ.
ಎಲ್ಲರೂ ಚಪ್ಪಾಳೆ ತಟ್ಟಿದರು.
ನನಗೆ ಆಯಿ ಸತ್ಯವ್ವ ಕಂಡಳು:
ಬಾವಿಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಡ್ಡಿದ ಬೊಗಸೆ,
ಮೇಲಿನಿಂದ ಕೊಡ ಬಗ್ಗಿಸುವ ಕೈ,
ನಡುವೆ, ಅಳತೆ ಮಾಡಿಟ್ಟ ಗಾಳಿ.
ನಮ್ಮೂರು ಈ ತಗಡನ್ನು ಎಂದೋ ತಯಾರಿಸಿತ್ತು ಸರ್,
ಪೇಟೆಂಟ್ ಮಾಡಿಸಿರಲಿಲ್ಲ, ಅಷ್ಟೇ.
ಅಂತ ನಾನು ಹೇಳಲಿಲ್ಲ. ಚಹಾ ಕುಡಿದೆ. ಬಿಸಿಯಿತ್ತು.

ಆಮೇಲೆ ಬಂತು ನೇಗಿಲಿನ ಕುಳದ ಕೆಲಸ.
ಎರೆಮಣ್ಣು ಅಂಟಬಾರದು ಎಂಬುದೊಂದೇ ಕರಾರು.
ಮಳೆ ಬಿದ್ದ ಎರೆಯನ್ನು ಬಲ್ಲಿರಲ್ಲ,
ಹೆಜ್ಜೆಗೊಂದು ಸೇರು ಹೊಲವೇ ಕಾಲಿಗೆ ಬರುತ್ತದೆ.
ನಮ್ಮ ತಾವರೆ ಎರಡು ಸಾಲಿಗೆ ಸೋತಿತು.
ಮುಳ್ಳೆಲ್ಲ ಮುರಿದು ಕುಳ ಕರಿಯ ಮುದ್ದೆ.
ತಾವರೆ ಎಲೆಯ ಮೇಲಿನ ನೀರಿನಂತಿರು ಎಂದು
ಸಾಲಿಯಲ್ಲಿ ಕಲಿಸಿದವರು
ನೀರಿನ ಮಾತಷ್ಟೇ ಆಡಿದ್ದರು, ಮಣ್ಣಿನದಲ್ಲ.

ಬದುವಿನಲ್ಲಿ ಕೂತು ಕಡ್ಡಿಯಿಂದ ಕುಳ ಕೆರೆಯುತ್ತಿದ್ದೆ.
ಹೆಂಟೆಯೊಳಗಿಂದ ಒಂದು ಎರೆಹುಳ.
ಅದೇ ಮಣ್ಣು. ಮೈಮೇಲೆ ಒಂದು ಕಣವಿಲ್ಲ.
ಅದು ದೂರ ನಿಂತು ಉಳಿಸಿಕೊಂಡ ಮಡಿಯಲ್ಲ.
ಒಳಗಿನ ಹಸಿಯನ್ನು ಉಂಗುರ ಉಂಗುರಕ್ಕೂ ಒಸರಿಸುತ್ತ
ಮೈಗೆ ಮೈ ಹಚ್ಚಿಯೇ
ಜಾರುತ್ತಿತ್ತು.

ಹೊಸ ತಗಡಿಗೆ ಉಂಗುರಗಳಿವೆ, ಉಂಗುರಗಳ ನಡುವೆ ರಂಧ್ರ.
ಒತ್ತಿದರೆ ಎಣ್ಣೆ ಜಿನುಗುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ.
ಅಪ್ಪ ಫೋನಿನಲ್ಲಿ ಕೇಳಿದ, ಏನ್ ಮಾಡ್ತದ ಅದು?
ಬೆವರತದಪ್ಪಾ, ಅಂದೆ.
ಆ ಕಡೆ ಸುಮಾರು ಹೊತ್ತು ಉಳಿಯ ಸದ್ದಷ್ಟೇ.
ಹಂಗಾದ್ರ ತೊಗಲಾತು ಬಿಡು, ಅಂದ.

ಇವತ್ತು ಅದರ ಮೇಲೊಂದು ಹನಿ ಬಿಟ್ಟೆ.
ಉರುಳಲಿಲ್ಲ. ಸುಸ್ತಾದವರು ಜಮಖಾನೆಯ ಮೇಲೆ ಒರಗಿದಂತೆ
ಹರಡಿತು. ಕೋನ ಹದಿನೆಂಟು.
ರಿಜಿಸ್ಟರಿನಲ್ಲಿ ಫೇಲು ಎಂದೇ ಬರೆದೆ, ನಿಯಮ ನಿಯಮವೇ.
ಮಗ್ಗುಲಿಗೆ, ಸಣ್ಣಕ್ಷರದಲ್ಲಿ:
ಹನ್ನೊಂದು ಎಕರೆ ಉತ್ತಿದೆ. ಮಣ್ಣು ಹಿಡಿದಿಲ್ಲ.